ದಿಡ್ಡಿ ಮನೆಯ ಹಕಾರ

ಚಟ್ನಿ ಇನ್ನೊಂದು ಸಲ ಬೇಕಿತ್ತು. ಕೇಳಿದರೆ ಎದುರಿಗೆ ಕೂತಿರುವ ಡೈರೆಕ್ಟರ್ ರುದ್ರಮುನಿ ಏನಂದುಕೊಳ್ಳುತ್ತಾರೋ ಅಂತ ಪಾಲಾಕ್ಷ ಒಣ ಇಡ್ಲಿಯನ್ನೇ ಮುರಿದು ನುಂಗಿದ. ನುಂಗಿದ ಮೇಲೆ ಸಿಟ್ಟು ಬಂತು. ಒಂದು ಸೌಟು ಚಟ್ನಿಗೂ ಈ ಮನುಷ್ಯನ ಮುಖ ನೋಡಬೇಕಾ ನಾನು? ಇದೇ ಶಿರಾ ಬೈಪಾಸಿನ ಇದೇ ಹೋಟೆಲಿನ ಹಿಂದುಗಡೆ ನಲ್ಲಿಯಲ್ಲಿ ಲಾರಿಯ ಗಾಜು ತೊಳೆಯಲು ಬಕೆಟ್ಟು ಹಿಡಿದು ನಿಂತಾಗ, ಅಡಿಗೆಯವನನ್ನು ಹೆಸರು ಹಿಡಿದು ಕೂಗಿ ಲೋಟದ ತುಂಬ ಚಟ್ನಿ ಇಸಕೊಂಡು ಕುಡಿದವನು ಅವನು. ಆಗ ಒಳಗೆ ಕೂರುತ್ತಿರಲಿಲ್ಲ, ಅಷ್ಟೇ. ಒಳಗೆ ಕೂತ ಮೇಲೆ ಬಾಯಿ ಕಟ್ಟಿತೋ, ಬಾಯಿ ಕಟ್ಟಿದ್ದಕ್ಕೆ ಒಳಗೆ ಕೂರಿಸಿದರೋ, ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸಪ್ಲೈಯರ್ ಮುದುಕ ಹತ್ತಿರ ಬಂದು ಕಣ್ಣು ಕಿರಿದು ಮಾಡಿ, "ಅರೆ, ಕಿಲೀನರ್ ಸಾಬ್! ಗಾಡಿ ಎಲ್ಲಿ ಹಾಕಿದೀಯಾ?" ಅಂದುಬಿಟ್ಟ.

ರುದ್ರಮುನಿಗೆ ಖುಷಿಯೋ ಖುಷಿ. "ಕ್ಲೀನರ್ ಅಲ್ಲ ಕಣಯ್ಯ, ಈಗ ಕಾದಂಬರಿಕಾರರು. ಕೋಟೆ ಕಥೆ ಬರೆದಿದ್ದಾರೆ. ನಾವು ಸಿನಿಮಾ ಮಾಡ್ತಿದೀವಿ."

"ಅಚ್ಛಾ," ಅಂದ ಮುದುಕ, ತಟ್ಟೆ ಎತ್ತಿಕೊಳ್ಳುತ್ತ. "ಅದ್ರಾಗೆ ಲಾರಿ ಐತಾ?"

ಲಾರಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತೇನೋ ಅಂತ ಪಾಲಾಕ್ಷನಿಗೆ ಅನ್ನಿಸಿತು. ಗೊತ್ತಿದ್ದದ್ದು ಲಾರಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಪಾವಗಡದ ಹುಣಸೆಹಣ್ಣು ಚಳ್ಳಕೆರೆಯ ಈರುಳ್ಳಿ ಅಂತ ಲೋಡಿನ ಮೇಲೆ ಕೂತು ಗುತ್ತಿ, ಪೆನುಕೊಂಡ, ವಿಜಾಪುರ ಅಂತ ತಿರುಗಿದ ಹನ್ನೊಂದು ವರ್ಷದಲ್ಲಿ, ಊರೂರಲ್ಲಿ ಲೋಡು ಇಳಿಸುವಷ್ಟು ಹೊತ್ತು ಕೋಟೆ ಹತ್ತಿ ಕೋಟೆ ಇಳಿದು, ಗೋಡೆಗೆ ಬೆನ್ನು ಕೊಟ್ಟು ಹರಿದ ನೋಟ್ ಬುಕ್ಕಿನಲ್ಲಿ ಏನೇನೋ ಗೀಚಿದವನು. ಆ ಗೀಚಿದ್ದೆಲ್ಲ ಸೇರಿ ಕೊನೆಗೆ ತನ್ನೂರಿನ ಗಿಡುಗನಕಲ್ಲಿನ ಮೇಲೇ ಬಂದು ಕೂತಿತು. ಮಧುಗಿರಿಯಿಂದ ಕೊರಟಗೆರೆ ಕಡೆ ಹೋಗುವಾಗ ಎಡಕ್ಕೆ ಕಾಣುವ ಪುಟ್ಟ ಬೆಟ್ಟ, ತಲೆಯ ಮೇಲೆ ಹಲ್ಲು ಉದುರಿದ ಕೋಟೆ. ಮಧುಗಿರಿ ಬೆಟ್ಟ ನೋಡಲು ಬರುವವರು ಇದನ್ನು ನೋಡುವುದಿಲ್ಲ. ಯಾವ ಪುಸ್ತಕದಲ್ಲೂ ಇದಕ್ಕೆ ಒಂದು ಸಾಲಿಲ್ಲ. ಸಾಲಿಲ್ಲದ ಕೋಟೆಗೆ ಮುನ್ನೂರು ಪುಟ ಬರೆದ. ಬರೆದಿದ್ದಕ್ಕೆ ಈಗ ರುದ್ರಮುನಿ, ಕಾರು, ಇಡ್ಲಿ.

"ಹನ್ನೊಂದು ಗಂಟೆಗೆ ದಿಡ್ಡಿ ಮನೆ ತಾತನ ಶಾಟ್," ಅಂದರು ರುದ್ರಮುನಿ ಕೈ ಒರೆಸಿಕೊಳ್ಳುತ್ತ. "ಅದು ಸಿಕ್ಕಿದ್ರೆ 'ನಡೆದ ಕಥೆ' ಅಂತ ಧೈರ್ಯವಾಗಿ ಹಾಕಬಹುದು. ನಿಮ್ಮ ಕಥೆಯ ದ್ರೋಹಿ ವಂಶದವನೇ ಬಂದು ದೇವರ ಮುಂದೆ ತಪ್ಪೊಪ್ಪಿಕೊಳ್ತಾನೆ ಅಂದ್ರೆ ಸುಮ್ನೇನಾ! ಪ್ರೊಡ್ಯೂಸರ್ ಸೈನ್ ಮಾಡೋದೇ ಅದರ ಮೇಲೆ. ಅದಿಲ್ಲ ಅಂದ್ರೆ ಇನ್ನೊಂದು ಕೋಟೆ ಪಿಕ್ಚರ್ ಯಾರಿಗೆ ಬೇಕು ಪಾಲಾಕ್ಷ? ನೀವೂ ವಾಪಸ್ ಲಾರಿ, ನಾನೂ ವಾಪಸ್ ಸೀರಿಯಲ್ಲು."

ತಮಾಷೆಗೆ ಅಂದದ್ದು. ನಗಬೇಕಿತ್ತು. ನಕ್ಕ.

ಕಾರು ಬಡವನಹಳ್ಳಿ ದಾಟುವವರೆಗೂ ರುದ್ರಮುನಿ ಫೋನಿನಲ್ಲಿ ನಿನ್ನೆಯ ವಿಷಯ ಯಾರಿಗೋ ಹೇಳುತ್ತಿದ್ದರು. ನಿನ್ನೆ ದಂಡು ಬರುವ ಸೀನಿಗೆ ಬಯಲು ಹುಡುಕಿಕೊಂಡು ರಾಯಚರ್ಲು ಕಡೆ ಹೋಗಿದ್ದರು. ಹುಡುಗನಾಗಿದ್ದಾಗ ಪಾಲಾಕ್ಷ ಕಂಡಿದ್ದ ಆ ಬಟಾಬಯಲಿನ ಮೇಲೆ ಈಗ ದಿಗಂತದ ತನಕ ಸೋಲಾರ್ ಹಲಗೆಗಳು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳನ್ನು ಹಳೇ ದಾರಿ ಯಾವುದಮ್ಮ ಅಂತ ಕೇಳಿದರೆ, "ದಾರಿ ಏಡುಂದಿ ಸಾಮಿ, ಅಂತಾ ಅದ್ದಮೇ," ಅಂದಳು. ದಾರಿ ಎಲ್ಲಿದೆ ಸ್ವಾಮಿ, ಎಲ್ಲಾ ಕನ್ನಡಿಯೇ ಅಂತ. "ಪರವಾಗಿಲ್ಲ, ಕಂಪ್ಯೂಟರಲ್ಲಿ ಅಳಿಸಿಬಿಡೋಣ," ಅಂದಿದ್ದರು ರುದ್ರಮುನಿ. ಆ ಮಾತು ರಾತ್ರಿಯೆಲ್ಲ ಕೊರೆದಿತ್ತು. ಅಳಿಸುವುದು ಅಷ್ಟು ಸಲೀಸಾ? ಹಾಗಾದರೆ ಬರೆದದ್ದನ್ನು? ಬರೆದದ್ದು ಒಂದೇ ಸಾಲು. ಮಿಕ್ಕ ಮುನ್ನೂರು ಪುಟವೂ ಆ ಸಾಲಿನ ಹೊಟ್ಟೆಯಿಂದಲೇ ಬಂದದ್ದು. ಅಜ್ಜಿ ಚಿಕ್ಕಹನುಮಕ್ಕ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ, ಎದುರಿನ ಬೀದಿಯಲ್ಲಿ ಹೋಗುತ್ತಿದ್ದ ದಿಡ್ಡಿ ಮನೆ ಯತ್ತಪ್ಪನ ಕಡೆ ಕೈಯಲ್ಲಿದ್ದ ಮರದ ಕೊಡತಿ ತೋರಿಸಿ, ಯಾವುದೋ ಮಾತಿಗೆ ಹೇಳಿದ ಸಾಲು. ಪಾಲಾಕ್ಷ ಆಗ ಲಾರಿಯಿಂದ ಎರಡು ದಿನಕ್ಕೆ ಊರಿಗೆ ಬಂದಿದ್ದ. ಕೇಳಿದ ತಕ್ಷಣ ನೋಟ್ ಬುಕ್ಕಿನಲ್ಲಿ ಬರೆದುಕೊಂಡ, ಈಗಲೂ ಇದೆ, ನೀಲಿ ಇಂಕು: *ದಿಡ್ಡಿ ಮನೆಯವರು. ಕೋಟೆ ಹಾಳಾಗಿ ದಿಡ್ಡಿ ತೆಗೆದವರು.* ದಿಡ್ಡಿ ಅಂದರೆ ಹೆಬ್ಬಾಗಿಲಿನ ಮಗ್ಗುಲಿಗೆ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ಇರುವ ಸಣ್ಣ ಬಾಗಿಲು. ಆ ನೀಲಿ ಸಾಲಿನಿಂದ ಕರಿಯತ್ತ ಹುಟ್ಟಿದ. ಶತ್ರುವಿನ ದಂಡಿಗೆ ಒಳಗಿಂದ ದಿಡ್ಡಿ ತೆಗೆದುಕೊಟ್ಟ ಕುರಿಗಾಹಿ ಕರಿಯತ್ತ, ಕೋಟೆ ಹಾಳು ಮಾಡಿದ ದ್ರೋಹಿ. ಹೆಸರು ಬದಲಾಯಿಸಬಹುದಿತ್ತು. ಯಾಕೆ ಬದಲಾಯಿಸಲಿಲ್ಲ? ಚೆನ್ನಾಗಿ ಕೇಳಿಸುತ್ತಿತ್ತು, ಅದಕ್ಕೆ. ಇಷ್ಟೇ ಕಾರಣಕ್ಕಾ? ಅಥವಾ ದಿಡ್ಡಿ ಮನೆ ಶಾಂತಕುಮಾರಿ ಮುಂದಿನ ಬೆಂಚಿನಲ್ಲಿ ಕೂತು ತಿರುಗಿ ನೋಡಿ ನಕ್ಕಿದ್ದಳಲ್ಲ, ಅದಕ್ಕಾ?

ಅದು ಒಂಬತ್ತನೇ ಕ್ಲಾಸು. ಕನ್ನಡ ಮೇಷ್ಟ್ರು ಎದ್ದು ನಿಲ್ಲಿಸಿ ಓದು ಅಂದರು. ಹಳ್ಳಿಯ ಹಾದಿಯಲ್ಲಿ ಹಸು ಹೋಗುತ್ತಿತ್ತು ಅಂತ ಪುಸ್ತಕದಲ್ಲಿತ್ತು. ಅಳ್ಳಿಯ ಆದಿಯಲ್ಲಿ ಅಸು ಓಗುತ್ತಿತ್ತು ಅಂತ ಅವನ ಬಾಯಲ್ಲಿ ಬಂತು. ಮನೆಯಲ್ಲಿ ಅಪ್ಪ ಅಮ್ಮ ಅಜ್ಜಿ ಎಲ್ಲರೂ ಹಾಗೇ ಆಡುತ್ತಿದ್ದದ್ದು, ಗಿಡುಗನಕಲ್ಲಿನ ಯಾವ ಮುದುಕ ಮುದುಕಿಯ ನಾಲಿಗೆಯಲ್ಲೂ ಹಕಾರ ಇರಲಿಲ್ಲ. "ಹೊಟ್ಟೆಯಿಂದ ಉಸಿರು ಬರಬೇಕು ಕಣೋ, ಹ! ಹ!" ಅಂತ ಮೇಷ್ಟ್ರು ಹೊಟ್ಟೆಗೆ ಬೆತ್ತ ಒತ್ತಿದರು. ಹೆದರಿ, ಇನ್ನು ಎಲ್ಲೂ ಬಿಡಬಾರದು ಅಂತ ಉಸಿರು ತುಂಬಿಕೊಂಡು ಮುಂದಿನ ಸಾಲು ಓದಿದ: "ಹಾಕಾಶದಲ್ಲಿ ಮೋಡ." ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆವತ್ತಿಂದ ಅವನ ಹೆಸರೇ ಹಾಕಾಶ. ಎರಡು ತಿಂಗಳಿಗೆ ಲಾರಿ ಹತ್ತಿದ. ಜನ ಬಡತನಕ್ಕೆ ಶಾಲೆ ಬಿಟ್ಟ ಅಂತಾರೆ, ಪೇಪರಿನವರೂ ಹಾಗೇ ಬರೆದರು, ಅವನೂ ಹೂಂ ಅಂದ. ಒಂದು ಅಕ್ಷರಕ್ಕೆ ಹೆದರಿ ಬಿಟ್ಟೆ ಅಂತ ಹೇಗೆ ಹೇಳುವುದು? ಆಮೇಲೆ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು ಹತ್ತು ಸಾವಿರ ಸಲ ಹ ಅಂದು ಅಂದು ಕಲಿತ. ಈಗ ಸಭೆಗಳಲ್ಲಿ ಅವನ ಹಕಾರ ಬೇರೆಯವರಿಗಿಂತ ಒಂದು ತೂಕ ಜಾಸ್ತಿಯೇ ಕೇಳುತ್ತದೆ.

ದಿಡ್ಡಿ ಮನೆ ಮುಂದೆ ಕಾರು ನಿಂತಾಗ ಬಾಗಿಲಲ್ಲಿ ಶಾಂತಕುಮಾರಿ ನಿಂತಿದ್ದಳು. ಯತ್ತಪ್ಪನ ಮೊಮ್ಮಗಳು, ಈಗ ಊರಿನ ಅಂಗನವಾಡಿ ಟೀಚರು. ಕ್ಯಾಮೆರಾದವರನ್ನು ಒಳಗೆ ಬಿಟ್ಟು ಇವನಿಗೆ ಮಾತ್ರ ಅಡ್ಡ ನಿಂತಳು.

"ಬಾರಪ್ಪ ಹಾಕಾಶ. ರೈಟ್ರು ಅಂತ ಕರೀಬೇಕೇನೋ ಈಗ."

"ಪಾಲಾಕ್ಷ ಅಂದ್ರೆ ಸಾಕು."

"ನಿನ್ನ ಬುಕ್ಕು ತಾತಂಗೆ ಓದಿ ಹೇಳಿದೋಳು ನಾನೇ ಕಣ್ಲಾ. ಒಂದು ತಿಂಗ್ಳು, ದಿನಾ ಸಂಜೆ. ನಮ್ಮೂರಿನ ಹುಡುಗ ಬರ್ದವ್ನೆ ಅಂತ ಜಂಬ ಬೇರೆ. ದ್ರೋಹಿ ದಿಡ್ಡಿ ಮನೆಯೋನು ಅಂತ ಬಂದಾಗ ಪುಟ ಹಾರಿಸಿ ಓದೋಣ ಅಂದ್ಕೊಂಡೆ. 'ಯಾಕಮ್ಮ ನಿಲ್ಸ್ದೆ, ಓದು' ಅಂತು ಮುದುಕ. ಓದ್ದೆ. ನನ್ನ ನಾಲಿಗೆ ಸೀಳ್ಬೇಕು." ಅವಳ ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ಯುಗಾದಿ ದಿನ ಆಂಜನೇಯನ ಗುಡಿ ಬಾಗ್ಲು ಮೊದ್ಲು ತೆಗೆಯೋದು ನಮ್ಮ ಮನೆಯೋರು. ನಿಂಗೂ ಗೊತ್ತು. ಈ ಸಲ ಊರೋರು ಬೇಡ ಅಂದ್ರು. 'ಬಾಗ್ಲು ತೆಗೆಯೋ ಕೈ ಎಂಥಾದ್ದು ಅಂತ ಬುಕ್ಕಲ್ಲೇ ಬಂದದಲ್ಲ' ಅಂದ್ರು. ಓದಕ್ಕೆ ಬರದೋರು ಕಣೋ ಹಂಗಂದೋರು! ಇವತ್ತು ತಾತ ತನ್ನ ಬಾಯಲ್ಲೇ ಒಪ್ಕೊಂಡುಬುಟ್ರೆ ಮುಗೀತು. ಇನ್ನು ಹುಟ್ಟೋ ಮಕ್ಳಿಗೂ ಅದೇ ಹೆಸರು. ಒಂದೇ ಒಂದು ಮಾತು ಹೇಳು. ನಿಂಗಿದು ಯಾರು ಹೇಳಿದ್ದು?"

"ಅಜ್ಜಿ."

"ಚಿಕ್ಕಹನುಮಜ್ಜಿನಾ? ಯಾರ ಮೇಲೂ ಒಂದು ಕೆಟ್ಟ ಮಾತು ಆಡಿದ್ದು ಕೇಳಿಲ್ಲ ನಾನು ಆಯಮ್ಮನ ಬಾಯಲ್ಲಿ."

ಅವನೂ ಕೇಳಿರಲಿಲ್ಲ. ಇದು ಅವನಿಗೆ ಮೊದಲೇ ಹೊಳೆಯಬೇಕಿತ್ತಲ್ಲ. ಅಜ್ಜಿ ಸತ್ತು ಮೂರು ವರ್ಷ, ಪುಸ್ತಕ ಬಂದು ಒಂದೂವರೆ. ಆ ಸಾಲು ಹೇಳುವಾಗ ಅಜ್ಜಿಯ ಮುಖ ಹೇಗಿತ್ತು? ಕೊಡತಿ ನೆನಪಿದೆ, ಹುಣಸೆಬೀಜ ನೆನಪಿದೆ, ಬೆರಳಿಗೆ ಅಂಟಿದ್ದ ನಾರು ಕೂಡ. ಮುಖ ಮಾತ್ರ ಇಲ್ಲ.

ಯತ್ತಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹೊಸ ಕಂಬಳಿಯೊಂದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಪ್ಪುಕಾಣಿಕೆ ಅದು. ಆ ಸೀಮೆಯ ಕುರಿ ಕಾಯುವ ಮಂದಿ ಕುಲದ ತಪ್ಪಿಗೆ ಕೊಡುವುದು ಕಂಬಳಿಯೇ. ಬರಿಗಾಲಲ್ಲಿ ತಲೆಯ ಮೇಲೆ ಹೊತ್ತು ಗುಡಿಯ ತನಕ ನಡೆಯಬೇಕು, ಮುಚ್ಚಿದ ಬಾಗಿಲ ಮುಂದೆ ನಿಂತು ತಪ್ಪು ಇಂಥದ್ದು ಅಂತ ಊರಿಗೆ ಕೇಳುವ ಹಾಗೆ ಹೇಳಬೇಕು. ಹೇಳಿದ ಮೇಲೆ ಬಾಗಿಲು ತೆಗೆದು ಕಂಬಳಿ ಒಳಗೆ ತೆಗೆದುಕೊಳ್ಳುತ್ತಾರೆ.

"ಬಾ ಮಗ," ಅಂದ ಯತ್ತಪ್ಪ. ಸಿಟ್ಟಿನಿಂದ ಅಲ್ಲ. ಅದಕ್ಕಿಂತ ಕೆಟ್ಟದ್ದು, ಗೌರವದಿಂದ. "ಪುಣ್ಯಾತ್ಮ ಕಣಪ್ಪ ನೀನು. ನಮ್ಗೇ ಗೊತ್ತಿಲ್ದಿದ್ದು ತೋರ್ಸ್ದೆ."

"ತಾತ, ಅದು ಕಾದಂಬರಿ. ಕಾದಂಬರಿ ಅಂದ್ರೆ..."

"ಏ ಬುಡು, ಅಚ್ಚಾಗಿ ಬಂದದೆ. ಸುಳ್ಳು ಯಾರು ಅಚ್ಚಾಕಿಸ್ತಾರೆ?" ಮುದುಕ ಕಂಬಳಿಯ ಅಂಚು ಸವರಿದ. "ನಮ್ಮಪ್ಪ ಬದುಕಿರೋಗಂಟ ಒಂದು ದಿವ್ಸ ಆ ಬೆಟ್ಟ ಅತ್ತಲಿಲ್ಲ ಕಣ್ಲಾ. ಕುರಿ ಮೇಲಕ್ಕೋದ್ರೂ ಕೆಳಗೇ ನಿಂತು ಕೂಗೋನು. ಯಾಕಪ್ಪಾ ಅಂದ್ರೆ ಮೊಣಕಾಲು ಅನ್ನೋನು. ಅದೇ ಮೊಣಕಾಲಲ್ಲಿ ಸಿದ್ದರಬೆಟ್ಟ ಅತ್ತಿ ಬಂದವ್ನೆ, ಪಟ್ಟನಾಯಕನಳ್ಳಿ ಮಠಕ್ಕೆ ನಡ್ಕೊಂಡೋಗವ್ನೆ! ನನ್ನ ಜೀವಮಾನವೆಲ್ಲ ಅರ್ಥ ಆಗ್ಲಿಲ್ಲ. ನಿನ್ನ ಬುಕ್ಕು ಕೇಳ್ದಾಗ ಆಯ್ತು. ನಾಚ್ಕೆ ಕಣಪ್ಪಾ. ಅವನ್ಗೆ ಗೊತ್ತಿತ್ತು."

ತನ್ನದು ಸುಳ್ಳು ಅಂತ ಹೇಳಲು ಬಂದಿದ್ದನಾ ಪಾಲಾಕ್ಷ? ಹಾಗೆ ಅಂದುಕೊಂಡಿದ್ದ, ಕಾರಿನಲ್ಲಿ ಒಂದೆರಡು ಸಲ. ಈಗ ನೋಡಿದರೆ ಸುಳ್ಳಿಗೆ ಸಾಕ್ಷಿ ಬಂದು ಎದುರಿಗೆ ಕೂತಿದೆ. ಒಂದು ವೇಳೆ ನಿಜವೇ ಆಗಿದ್ದರೆ? ಅಂದಾಜಿಗೆ ಬರೆದದ್ದು ನಡೆದದ್ದೇ ಆಗಿಬಿಟ್ಟಿದ್ದರೆ? ಆಗ ಸಿನಿಮಾ ಆಗಲಿ, ತಪ್ಪೇನು? ಈ ಯೋಚನೆ ಎಷ್ಟು ಆರಾಮಾಗಿತ್ತೆಂದರೆ ಅವನಿಗೆ ಅದರ ಮೇಲೇ ಅನುಮಾನ ಬಂತು.

ಆಂಜನೇಯನ ಗುಡಿ ಬೆಟ್ಟದ ಬುಡದಲ್ಲಿ, ಬಿದ್ದ ಹೆಬ್ಬಾಗಿಲ ಪಕ್ಕದಲ್ಲೇ. ಹತ್ತಿಪ್ಪತ್ತು ಜನ ಸೇರಿದ್ದರು. ಯತ್ತಪ್ಪ ಕಂಬಳಿ ಹೊತ್ತು ಬರಿಗಾಲಲ್ಲಿ ಬಂದ, ಬಿಸಿಲಿಗೆ ಬಂಡೆ ಆಗಲೇ ಕಾದಿತ್ತು. ಹಿಂದೆ ಶಾಂತಕುಮಾರಿ. ಪೂಜಾರಿ ಜಯರಾಮಯ್ಯ ಬಾಗಿಲು ಮುಂದಕ್ಕೆಳೆದು, ಜನದ ಕಡೆ ತಿರುಗಿ, ಅಭ್ಯಾಸಬಲದಿಂದ ಯುಗಾದಿ ದಿನ ಕೂಗುವುದನ್ನೇ ಕೂಗಿಬಿಟ್ಟ: "ಬಾಗ್ಲಿಗೆ ಆಳು ಯಾರಪ್ಪಾ?" ಯತ್ತಪ್ಪನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಬಂತು, ವಾಡಿಕೆಯಂತೆ 'ನಾವು' ಅನ್ನಲು ಬಾಯಿಯೂ ತೆರೆಯಿತು, ಆಮೇಲೆ ನೆನಪಾಗಿ ನಿಂತುಕೊಂಡ. ಜಯರಾಮಯ್ಯ ನಾಲಿಗೆ ಕಚ್ಚಿಕೊಂಡ. "ಅಲ್ಲ... ತಪ್ಪು ಯೋಳು ಯತ್ತಣ್ಣ, ತಪ್ಪು." ಒಂದಿಬ್ಬರು ಕಿಸಕ್ಕೆಂದರು.

"ರೋಲಿಂಗ್," ಅಂದರು ರುದ್ರಮುನಿ.

ಯತ್ತಪ್ಪ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕಂಬಳಿ ಹಿಡಿದು, ಕೂಗಿ ಹೇಳಿದ. "ಸಾಮೀ, ದಿಡ್ಡಿ ಮನೆಯೋರು ನಾವು. ನಮ್ಮಿರೀಕರು ಕ್ವಾಟೆ ಆಳಾಗಿ ದಿಡ್ಡಿ ತಗ್ದೋರು..."

"ಕಟ್, ಕಟ್. ತಾತ, 'ಆಳು' ಅಲ್ಲ, 'ಹಾಳು' ಅನ್ನಬೇಕು. ಕೋಟೆ ಹಾಳಾಗಿ. ಆಳು ಅಂದ್ರೆ ಕೆಲಸದ ಆಳು ಅಂತ ಆಗಿಬಿಡುತ್ತೆ, ಅರ್ಥನೇ ಉಲ್ಟಾ. ಇನ್ನೊಂದ್ಸಲ."

"ಆಳಾಗಿ," ಅಂದ ಯತ್ತಪ್ಪ ಭಯದಿಂದ.

"ಹಾ. ಹಾ. ಪಾಲಾಕ್ಷ, ಸ್ವಲ್ಪ ಹೇಳ್ಕೊಡಿ ಇವರಿಗೆ. ಹೊಟ್ಟೆಯಿಂದ ಉಸಿರು ಬರಬೇಕು."

ಹಾಕಾಶದಲ್ಲಿ ಮೋಡ. ಪಾಲಾಕ್ಷ ಮುಂದೆ ಹೋಗಿ ಮುದುಕನ ಎದುರು ನಿಂತ. ಯತ್ತಪ್ಪ ಅವನ ತುಟಿಯನ್ನೇ ನೋಡುತ್ತಿದ್ದ, ಕಲಿಯಲು, ಎಂಬತ್ತು ವರ್ಷದ ಮನುಷ್ಯ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. "ಎಂಗಪ್ಪಾ ಅನ್ನಾದು? ತೋರ್ಸು." ಆ ಬಾಯಿ, ಹಲ್ಲಿಲ್ಲದ, ಅಂಚಿನಲ್ಲಿ ಎಲೆಯಡಿಕೆ ಕೆಂಪಿನ ಆ ಬಾಯಿ ಅರ್ಧ ತೆರೆದು ಕಾಯುತ್ತಿತ್ತು, ಮತ್ತು ಪಾಲಾಕ್ಷನಿಗೆ ಅಜ್ಜಿಯ ಮುಖ ಕಂಡುಬಿಟ್ಟಿತು. ಕೊಡತಿ ಎತ್ತಿದ್ದ ಅಜ್ಜಿ. ನಗುತ್ತಿದ್ದಳಾ? ಹೆಮ್ಮೆಯಿಂದ ಅಂದಿದ್ದಳಾ? *ದಿಡ್ಡಿ ಮನೆಯೋರು ಕಣ್ಲಾ, ಕ್ವಾಟೆ ಆಳಾಗಿ ದಿಡ್ಡಿ ತಗ್ದೋರು.* ಅಜ್ಜಿಯ ನಾಲಿಗೆಯಲ್ಲಿ ಹಕಾರ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಹಾಳೂ ಆಳೇ, ಆಳೂ ಆಳೇ. ಕೋಟೆಗೆ ಆಳಾಗಿದ್ದವರು, ಬೆಳಿಗ್ಗೆ ಎದ್ದು ದಿಡ್ಡಿ ತೆಗೆಯುವ ಕೆಲಸದವರು, ನಂಬಿಕೆಯ ಆಳುಗಳು. ಬಾಗಿಲಿಗೆ ಆಳು ಯಾರಪ್ಪಾ ಅಂತ ಇವತ್ತಿಗೂ ಕೂಗುತ್ತಾರಲ್ಲ. ಆ ಹಕಾರ ಹಾಕಿದ್ದು ಅವನು. ಜಗಲಿಯ ಮೇಲೆ ಕೂತು, ಕೇಳಿದ್ದನ್ನು ಬರೆಯುವಾಗ, ಇಲ್ಲೊಂದು ಹ ಬಿಟ್ಟುಹೋಗಿದೆ ಅಂತ, ಅಜ್ಜಿಯ ಬಾಯಿಯನ್ನು ತಿದ್ದಿ, ಮೇಷ್ಟ್ರಿಗೆ ಹೆದರಿ.

ಅಥವಾ ಅಜ್ಜಿ ಹಾಳು ಅಂತಲೇ ಅಂದಿದ್ದಳಾ? ಹಾಗಾದರೆ ಯತ್ತಪ್ಪನ ಅಪ್ಪನ ಆ ಮೊಣಕಾಲು? ಕೇಳಲು ಯಾರಿದ್ದಾರೆ?

"ಪಾಲಾಕ್ಷ, ಬಿಸಿಲು ಏರ್ತಿದೆ ಕಣ್ರೀ."

"ಬೇಡ ತಾತ," ಅಂದ ಅವನು. "ನೀವಂದಿದ್ದೇ ಸರಿ."

"ಏನ್ರೀ ಸರಿ?" ರುದ್ರಮುನಿ ಹತ್ತಿರ ಬಂದರು.

"ಆಳು ಸರ್. ಕೋಟೆಗೆ ಆಳಾಗಿದ್ದೋರು. ಕಾವಲಿನೋರು. ನಾನು ಹಾಳು ಅಂತ ಬರ್ಕೊಂಡೆ. ಅಜ್ಜಿ ಅಂದಿದ್ದು ಇದೇ... ಇದೇ ಇರಬೇಕು."

"ಇರಬೇಕು ಅಂದ್ರೆ? ಏನು ಆಧಾರ?"

"ಹಾಳು ಅನ್ನೋದಕ್ಕೇನಿತ್ತು ಆಧಾರ?"

ರುದ್ರಮುನಿ ಅವನ ತೋಳು ಹಿಡಿದು ಪಕ್ಕಕ್ಕೆಳೆದರು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಅಂದರು, "ಯೋಚನೆ ಮಾಡಿ ಮಾತಾಡಿ. ಈ ಕ್ಯಾಮೆರಾ ಆಫ್ ಆದ್ರೆ ಪಿಕ್ಚರ್ರೂ ಆಫ್. ಒಂದು ಅಕ್ಷರಕ್ಕೆ?"

"ಒಂದು ಅಕ್ಷರಕ್ಕೇ ಸರ್," ಅಂದ ಪಾಲಾಕ್ಷ. ದನಿ ಜೋರಾಯಿತು, ಎಲ್ಲರೂ ತಿರುಗಿದರು. "ಆಫ್ ಮಾಡಿ."

ಅವನು ಅಂದುಕೊಂಡದ್ದು ಯತ್ತಪ್ಪನ ಮುಖ ಅರಳುತ್ತದೆ ಅಂತ. ಅರಳಲಿಲ್ಲ. ಮುದುಕ ಕಂಬಳಿ ಹೊತ್ತು ಹಾಗೇ ನಿಂತಿದ್ದ, ಕೈಗೆ ಕೊಟ್ಟದ್ದನ್ನು ಯಾರೋ ಕಿತ್ತುಕೊಂಡಂತೆ. "ಅಂಗಾರೆ ನಮ್ಮಪ್ಪ ಯಾಕ್ಲಾ ಬೆಟ್ಟ ಅತ್ತಲಿಲ್ಲ?"

"ಗೊತ್ತಿಲ್ಲ ತಾತ."

"ಮೊಣಕಾಲೇನಾ?"

"ಇರಬೋದು."

"ಇರಬೋದು," ಅಂದ ಯತ್ತಪ್ಪ. ಬೆಟ್ಟದ ಕಡೆ ಒಂದು ಸಲ ನೋಡಿದ. ಅವನ ಅಪ್ಪ ಮತ್ತೆ ಅರ್ಥವಾಗದವನಾಗಿಬಿಟ್ಟಿದ್ದ.

ಜಯರಾಮಯ್ಯ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಸರಿ ಕಣ್ರಪ್ಪ. ಕಂಬ್ಳಿ ಬಾಗ್ಲಿಗೆ ಬಂದದೆ. ತಪ್ಪು ಯೋಳ್ದೆ ಒಳಕ್ಕೂ ಓಗಲ್ಲ, ತಿರುಗಿ ಮನೀಗೂ ಓಗಲ್ಲ. ಯಾರ್ದಿದು?"

ಶಾಂತಕುಮಾರಿ ತಾತನ ತಲೆಯ ಮೇಲಿಂದ ಕಂಬಳಿ ಎತ್ತಿಕೊಂಡಳು. ನಾಲ್ಕು ಹೆಜ್ಜೆ ಬಂದಳು. "ಶೂ ಬಿಚ್ಚು," ಅಂದಳು. ಬಿಚ್ಚಿದ. ಬಂಡೆ ಸುಟ್ಟಿತು. ಅವಳು ಕಂಬಳಿಯನ್ನು ಅವನ ತಲೆಯ ಮೇಲಿಟ್ಟಳು. ಇಷ್ಟು ಭಾರ ಇರುತ್ತದೆ ಅಂತ ಅವನು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಕುರಿಯ ವಾಸನೆ ಕಣ್ಣಿನ ತನಕ ಇಳಿಯಿತು. ಹಿಂದೆ ಎಲ್ಲೋ ಕಾರಿನ ಡಿಕ್ಕಿ ಮುಚ್ಚಿದ ಸದ್ದು.

"ಬಾಗ್ಲಿಗೆ ಆಳು ಯಾರಪ್ಪಾ?" ಜಯರಾಮಯ್ಯ ಈ ಸಲ ಬೇಕೆಂದೇ ಕೂಗಿದ.

"ನಾವು," ಅಂದ ಯತ್ತಪ್ಪ. ಹೋಗಿ ಎರಡೂ ಅಂಗೈ ಬಾಗಿಲಿಗೆ ಒತ್ತಿ ನಿಂತು, ಹಿಂತಿರುಗಿ ಪಾಲಾಕ್ಷನನ್ನು ನೋಡಿದ. ತಪ್ಪು ಹೇಳದೆ ದೂಡುವ ಹಾಗಿಲ್ಲ. ಜನ ನೋಡಿದರು. ಶಾಂತಕುಮಾರಿ ನೋಡಿದಳು, ಮುಂದಿನ ಬೆಂಚಿನಿಂದ ತಿರುಗಿ ನೋಡಿದ ಹಾಗೆಯೇ.

ಪಾಲಾಕ್ಷ ಹೊಟ್ಟೆಯ ತುಂಬ ಉಸಿರೆಳೆದುಕೊಂಡ. ಕ್ಯಾಬಿನ್ನಿನಲ್ಲಿ ಹತ್ತು ಸಾವಿರ ಸಲ ಕಲಿತದ್ದು, ಸಭೆಗಳಲ್ಲಿ ಒಂದು ತೂಕ ಜಾಸ್ತಿ ಕೇಳುತ್ತಿದ್ದದ್ದು, ಎಲ್ಲಿ ಹೋಯಿತೋ. "ನಮ್ಮಜ್ಜಿ ಏಳಿದ್ದ ಮಾತಿಗೆ," ಅಂದ, "ಒಂದಕ್ಷರ ನಾನೇ ಆಕ್ದೆ."

ಯಾರೂ ನಗಲಿಲ್ಲ. ಬಾಗಿಲು ಕಿರ್ರೆಂದು ಒಳಕ್ಕೆ ಸರಿಯಿತು.